ನಮ್ದೂ ಮೈಸೂರೇ ಸಾರ್

ಈ ವಾರ ದಸರಾ ಆನೆಗಳ ತಾಲೀಮು ನೋಡೋಣ ಅಂತ ಅರಮನೆ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು. ಜೇನು ಕುರುಬ ಬುಡಕಟ್ಟಿನವರು, ಗಂಡ ಕಾವಾಡಿ, ಅಂದರೆ ಆನೆ ಮಾವುತನ ಸಹಾಯಕ. ಅಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಎಲ್ಲಿಂದ ಬಂದೋರಮ್ಮ ನೀವು?"

"ನಮ್ದೂ ಮೈಸೂರೇ ಸಾರ್. ಹುಣಸೂರು ತಾಲ್ಲೂಕು."

"ಅದಲ್ಲಮ್ಮ, ಮೂಲ ಎಲ್ಲಿ?"

"ಮೊದ್ಲು ಕಾಡೊಳಗಿದ್ವಿ. ಈಗ ಈಚೆ ಹಾಡೀಲಿ."

"ಅದಕ್ಕೂ ಮೊದ್ಲು?"

ಆಕೆ ಉತ್ತರ ಕೊಡಲಿಲ್ಲ.

ಹಿರಿಯರು ಒಳ್ಳೆಯವರೇ. ಮಗುವಿಗೆ ಬಿಸ್ಕತ್ತು ಕೊಡಿಸಿದರು. ಆದರೂ ನನ್ನ ಕೋಪ ಇನ್ನೂ ಇಳಿದಿಲ್ಲ. ನಮ್ಮಜ್ಜ ಮದ್ದೂರು ಕಡೆಯಿಂದ ಬಂದವರು. ಮೂರನೇ ತಲೆಮಾರಿಗೇ ನಾವು ಅಪ್ಪಟ ಮೈಸೂರಿನವರು. "ಅದಕ್ಕೂ ಮೊದ್ಲು?" ಅಂತ ನಮ್ಮನ್ನು ಯಾರೂ ಕೇಳಿಲ್ಲ. ಕಾಡಿನಲ್ಲೇ ಹುಟ್ಟಿ ಬೆಳೆದ ಜನಕ್ಕೆ ಮಾತ್ರ ಈ ಪ್ರಶ್ನೆ.

ಹಾಡಿ ಅಂದರೆ ಬುಡಕಟ್ಟು ಜನರ ಪುಟ್ಟ ಊರು. ಈಚೆ ಹಾಡಿಗೆ ಅವರು ತಾವಾಗಿ ಬಂದವರಲ್ಲ. ಕಬಿನಿ ಹಿನ್ನೀರಿನಲ್ಲಿ ಹಾಡಿಗಳು ಮುಳುಗಿದವು. ಹುಲಿ ಉಳಿಸಬೇಕು ಅಂತ ನಾಗರಹೊಳೆಯಿಂದ ಜನರನ್ನು ಎಬ್ಬಿಸಿದರು. ಕಾಡಿನ ಜನಕ್ಕೆ ಅನ್ಯಾಯವಾಗಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯೇ ಒಪ್ಪಿಕೊಂಡಿದೆ.

ಇನ್ನು ಮೂಲದ ಮಾತು. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ನಮ್ಮ ದೇಶದ ಹಲವು ಸಮುದಾಯಗಳ ಡಿಎನ್‌ಎ ನೋಡಿದರು. ಹೆಚ್ಚುಕಡಿಮೆ ಎಲ್ಲ ಭಾರತೀಯರೂ ಎರಡು ಹಳೆಯ ಜನಮೂಲಗಳ ಬೆರಕೆ ಎಂದು ಕಂಡಿತು. ಅದರಲ್ಲೊಂದು ದಕ್ಷಿಣದ್ದು. ಮೇಲುಜಾತಿ, ಕೆಳಜಾತಿ, ಬುಡಕಟ್ಟು, ಎಲ್ಲರಲ್ಲೂ ಅದು ಇದೆ. ಯಾರಲ್ಲಿ ಎಷ್ಟು ಅನ್ನುವುದಷ್ಟೇ ಬೇರೆ. ಅಂದರೆ ಆ ಹಿರಿಯರ ರಕ್ತದಲ್ಲೂ ಈ ನೆಲದ ಹಳೆಯ ಜನ ಇದ್ದಾರೆ, ನನ್ನ ರಕ್ತದಲ್ಲೂ ಇದ್ದಾರೆ. ನಾವು ಗೋತ್ರ ಹೇಳುತ್ತೇವೆ, ವಂಶಾವಳಿ ಹೇಳುತ್ತೇವೆ. ಈ ಕಾಡಿನ ಜನರ ನೆಂಟಸ್ತಿಕೆ ಮಾತ್ರ ಯಾವ ಮನೆಯಲ್ಲೂ ಹೇಳಿದ್ದು ಕೇಳಿಲ್ಲ. ಯಾಕೆ? ನಾಚಿಕೆಯಾ? ನನಗಂತೂ ಹಾಗೇ ಅನ್ನಿಸುತ್ತದೆ. ಹಳಬರು ಅನ್ನಿಸಿಕೊಳ್ಳಲು ಎಲ್ಲರಿಗೂ ಆಸೆ. ಕಾಡಿನವರ ಸಂಬಂಧಿಕರು ಅನ್ನಿಸಿಕೊಳ್ಳಲು ಯಾರಿಗೂ ಇಲ್ಲ.

"ನಮ್ದೂ ಮೈಸೂರೇ ಸಾರ್." ಆ 'ನಮ್ದೂ' ಕೇಳಿದಾಗಿನಿಂದ ಸಂಕಟ. ಪಕ್ಕದಲ್ಲಿ ಒಂಚೂರು ಜಾಗ ಬಿಡಿ ಅಂತ ಕೇಳಿದ ಹಾಗಿತ್ತು. ಅವರ ಗಂಡಂದಿರು ಇಲ್ಲದಿದ್ದರೆ 750 ಕಿಲೋ ಅಂಬಾರಿ ಅರಮನೆ ಬಾಗಿಲೂ ದಾಟುವುದಿಲ್ಲ, ಅಲ್ವಾ?

ಪ್ರತಿ ದಸರಾದಲ್ಲೂ ಪತ್ರಿಕೆಗಳು ಆನೆಗಳ ಹೆಸರು, ವಯಸ್ಸು, ತೂಕ ಅಚ್ಚು ಹಾಕುತ್ತವೆ. ಈ ಸಲ ಪಕ್ಕದಲ್ಲೇ ಮಾವುತ, ಕಾವಾಡಿಗಳ ಹಾಡಿಯ ಹೆಸರೂ ಹಾಕಲಿ. ಆ ಮನೆಗೆ ಅರಣ್ಯ ಹಕ್ಕುಪತ್ರ ಸಿಕ್ಕಿದೆಯೋ ಇಲ್ಲವೋ, ಅದನ್ನೂ ಬರೆಯಲಿ.