ಇಳಿಜಾರಲ್ಲಿ ಗಾಡಿ ಸಮ ಮಾಡುವುದು

ಇಳಿಜಾರಲ್ಲಿ ಮೋಟರ್‌ಹೋಮ್ (ಮಲಗಲು, ಅಡುಗೆಗೆ ಜಾಗವಿರುವ ಗಾಡಿ) ನಿಲ್ಲಿಸಿದಾಗ, ಒಂದು ರಾತ್ರಿ ತಾನೇ, ಹಾಗೇ ಇರಲಿ ಅನ್ನಿಸುತ್ತದೆ ಅಲ್ವಾ? ನಾನಂತೂ ಬಿಡುವುದಿಲ್ಲ. ಒಳಗೆ ನೆಲದ ಮೇಲೆ ಸ್ಪಿರಿಟ್ ಲೆವೆಲ್ (ಸಮ ಇದೆಯಾ ಎಂದು ಗುಳ್ಳೆಯಿಂದ ತೋರಿಸುವ ಪಟ್ಟಿ) ಇಟ್ಟು ಮೊದಲು ಎಡ-ಬಲ, ಆಮೇಲೆ ಹಿಂದೆ-ಮುಂದೆ ನೋಡುತ್ತೇನೆ. ಕಣ್ಣಿಗೆ ಸಮ ಕಂಡ ನೆಲ ನಿಜಕ್ಕೂ ಸಮ ಇರುವುದು ಎಷ್ಟು ಅಪರೂಪ! ತಗ್ಗಿನ ಕಡೆಯ ಚಕ್ರದ ಮುಂದೆ ಓರೆ ತುಂಡು ಇಟ್ಟು, ಚಕ್ರವನ್ನು ನಿಧಾನವಾಗಿ ಆ ರ‍್ಯಾಂಪ್ ಹತ್ತಿಸಬೇಕು. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತ ಕೂಡಲೇ ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡೆ.

ಇದು ನಿದ್ದೆಗಾಗಿ ಮಾತ್ರ ಅಲ್ಲ. ಗಾಡಿಯಲ್ಲಿರುವ ಗ್ಯಾಸಿನ ಫ್ರಿಜ್‌ನಲ್ಲಿ ಅನಿಲವನ್ನು ಒತ್ತಿ ಓಡಿಸುವ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಬೆರೆತ ನೀರು ತನ್ನ ಭಾರಕ್ಕೇ ಕೊಳವೆಯಲ್ಲಿ ಹರಿದು ಬರಬೇಕು. ಗಾಡಿ ಜಾಸ್ತಿ ವಾಲಿದರೆ ಅದು ಅಲ್ಲಲ್ಲೇ ನಿಲ್ಲುತ್ತದೆ, ಫ್ರಿಜ್ ತಂಪಾಗುವುದಿಲ್ಲ, ಹಾಳಾಗಲೂಬಹುದು.

ಇಷ್ಟಾದ ಮೇಲೂ ಸ್ವಲ್ಪ ವಾಲು ಉಳಿದರೆ, ದಿಂಬನ್ನು ಎತ್ತರದ ಕಡೆಗೆ ಹಾಕಿಕೊಳ್ಳಿ.