"ಆ ಜೋಕರ್ ಟ್ಯೂನ್ ರೆಕಾರ್ಡ್ ಸಿಕ್ತಾ?"

ನಾನು ಹಳೇ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ರೆಕಾರ್ಡುಗಳಲ್ಲಿ ಅಮೆರಿಕದ ಸರ್ಕಸ್ ಬ್ಯಾಂಡ್ ಸಂಗೀತ ಹುಡುಕುತ್ತೇನೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: "ಆ ಜೋಕರ್ ಟ್ಯೂನ್ ಸಿಕ್ತಾ?" ಕೇಳಿ ಸುಮ್ಮನಾಗುವುದಿಲ್ಲ, ನನಗೆ ಗೊತ್ತಿಲ್ಲವೇನೋ ಎಂಬಂತೆ ಬಾಯಲ್ಲೇ ನುಡಿಸಿ ತೋರಿಸುತ್ತಾರೆ. ಆಮೇಲೆ "ಯೂಟ್ಯೂಬ್‌ನಲ್ಲಿ ಇದೆಯಲ್ಲ, ಸುಮ್ನೆ ದುಡ್ಡು ಯಾಕೆ ದಂಡ?" ಅನ್ನುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಜೋಕರ್ ಬಂದಾಗಲೆಲ್ಲ ಕೇಳಿಸುವ ಆ ಟ್ಯೂನ್ ಜೋಕರ್‌ಗೆ ಬರೆದದ್ದಲ್ಲ. ಯೂಲಿಯುಸ್ ಫುಚಿಕ್ ಎಂಬ ಚೆಕ್ ಸಂಗೀತಗಾರ 1897ರಲ್ಲಿ ಬರೆದ ಮಿಲಿಟರಿ ಮಾರ್ಚ್ ಅದು. ಆತ ಆಸ್ಟ್ರಿಯಾ-ಹಂಗೇರಿ ಸೈನ್ಯದ ಬ್ಯಾಂಡ್ ಮಾಸ್ಟರ್. ರೋಮಿನ ಗ್ಲಾಡಿಯೇಟರ್‌ಗಳು ಅಖಾಡಕ್ಕೆ ಇಳಿಯುವ ಠೀವಿ ಅದರಲ್ಲಿದೆ. 1901ರಲ್ಲಿ ಕೆನಡಾದ ಲೊರಾಂದೋ ಎಂಬ ಸಂಗೀತಗಾರ ಅದನ್ನು ಸಣ್ಣ ಬ್ಯಾಂಡಿಗೆ ಹೊಂದಿಸಿದ. 'ಥಂಡರ್ ಅಂಡ್ ಬ್ಲೇಜಸ್' ಎಂಬ ಹೆಸರಲ್ಲಿ ಅಚ್ಚಾಯಿತು. ಸರ್ಕಸ್‌ನವರು ಅದನ್ನು ಎತ್ತಿಕೊಂಡು ಜೋರು ವೇಗದಲ್ಲಿ ನುಡಿಸಿದರು. ಪಾಪ, ಫುಚಿಕ್‌ನ ಠೀವಿ ಹೋಗಿ ಜೋಕರ್ ಉಳಿದ.

ಇನ್ನು "ಹೇಗೆ ಹುಡುಕುತ್ತೀರಿ?" ಅನ್ನುವವರಿಗೆ. ಸರ್ಕಸ್ ಅಂತ ಹುಡುಕಿದರೆ ಏನೂ ಸಿಗದು. ಹಳೇ ಲೇಬಲ್‌ಗಳಲ್ಲಿ ಆ ಪದವೇ ಅಪರೂಪ. ಮಾರ್ಚ್, ಗ್ಯಾಲಪ್ (ಓಟದ ವೇಗದ ಕುಣಿತದ ಟ್ಯೂನ್), ವಾಲ್ಟ್ಸ್ (ಮೂರರ ಲಯದ ಕುಣಿತದ ಟ್ಯೂನ್) ಅಂತ ಇರುತ್ತೆ. ಎತ್ತರದ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವ ಟ್ರಪೀಜ್ ಆಟಕ್ಕೆ ನುಡಿಸುತ್ತಿದ್ದ 'ಸೋಬ್ರೆ ಲಾಸ್ ಓಲಾಸ್' ಮೆಕ್ಸಿಕೋದ ಹುವೆಂತಿನೋ ರೋಸಾಸ್ ಬರೆದ ವಾಲ್ಟ್ಸ್. ಅದರ ಲೇಬಲ್ ನೋಡಿದರೆ ಸರ್ಕಸ್‌ನ ಸುಳಿವೂ ಇರಲ್ಲ. ಹಾಗಾಗಿ ಮೊದಲು ಟ್ಯೂನಿನ ಹೆಸರು ತಿಳಿದಿರಬೇಕು. ಆಮೇಲೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಂಗೀತಗಾರರ ಹೆಸರು ಓದಬೇಕು. ಕಿಂಗ್ ಅಂತಿದ್ದರೆ ನನ್ನ ಕೈ ಅಲ್ಲೇ ನಿಲ್ಲುತ್ತೆ. ಕಾರ್ಲ್ ಕಿಂಗ್ ಸರ್ಕಸ್ ಬ್ಯಾಂಡುಗಳಲ್ಲೇ ಊದಿ ಬೆಳೆದವನು. 1913ರಲ್ಲಿ 'ಬಾರ್ನಮ್ ಅಂಡ್ ಬೇಲೀಸ್ ಫೇವರಿಟ್' ಎಂಬ ಮಾರ್ಚ್ ಬರೆದ. ಯಾವ ಬ್ಯಾಂಡ್ ಯಾವ ದಿನ ಏನು ರೆಕಾರ್ಡ್ ಮಾಡಿತು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾದವರ ಪಟ್ಟಿ ಇದೆ, ಪುಕ್ಕಟೆ ನೋಡಬಹುದು.

ಯೂಟ್ಯೂಬ್ ವಿಷಯಕ್ಕೆ ಬರೋಣ. 78 ರೆಕಾರ್ಡಿನಲ್ಲಿ ಮುಳ್ಳು ಓಡುವ ಗೆರೆ ಅಗಲ. ಆಮೇಲೆ ಬಂದ ಎಲ್‌ಪಿ ರೆಕಾರ್ಡಿನ ಸಣ್ಣ ಮುಳ್ಳು ಇಟ್ಟರೆ ಅದು ತಳಕ್ಕೆ ಇಳಿದು ಬರೀ ಕರಕರ ಅನ್ನುತ್ತೆ. ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಹೀಗೆ ತಪ್ಪು ಮುಳ್ಳಿಟ್ಟು ಅಪ್‌ಲೋಡ್ ಮಾಡಿದ್ದನ್ನು ಕೇಳಿ "ಹಳೇದು, ಹಾಗೇ ಇರುತ್ತೆ ಬಿಡಿ" ಅಂದರೆ ನನಗೆ ಸಿಟ್ಟು ಬರುತ್ತೆ. ಸರಿಯಾದ ಮುಳ್ಳಿಟ್ಟು ಕೇಳಿ. 1925ಕ್ಕೆ ಮುಂಚಿನ ರೆಕಾರ್ಡಿನಲ್ಲಿ ಮೈಕೇ ಇಲ್ಲ, ಶಬ್ದ ಹಿಡಿಯುವ ಒಂದು ದೊಡ್ಡ ಕಹಳೆಯ ಮುಂದೆ ಬ್ಯಾಂಡ್‌ನವರೆಲ್ಲ ಒತ್ತಿಕೊಂಡು ಕೂತಿದ್ದಾರೆ. ಆದರೂ ಟ್ರೊಂಬೋನ್ ಎಂಬ ಊದುವ ವಾದ್ಯದ ಸ್ವರ ಜಾರುವುದು ಎಷ್ಟು ಚೆನ್ನಾಗಿ ಕೇಳುತ್ತೆ ಗೊತ್ತಾ! ಅಂದಹಾಗೆ ಆ ರೆಕಾರ್ಡುಗಳಲ್ಲಿ ಇರುವುದು ಅರಗು. ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗೇ. ಅಮೆರಿಕಕ್ಕೆ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. 1942ರಲ್ಲಿ ಯುದ್ಧದಿಂದ ಅರಗಿಗೆ ಬರ ಬಂದಾಗ ಅಲ್ಲಿ ಜನರಿಂದ ಹಳೇ ರೆಕಾರ್ಡು ವಾಪಸ್ ಪಡೆದು ಪುಡಿ ಮಾಡಿದರು. ಎಷ್ಟು ಸಂಗೀತ ಹಾಗೆ ಪುಡಿಯಾಯಿತೋ ಅಂತ ಹೊಟ್ಟೆ ಉರಿಯುತ್ತೆ.

ಯಾರಾದರೂ ಒಬ್ಬರು ಇದನ್ನು ಕೇಳಬಾರದಾ: ಆಟ ನಡೆಯುವಾಗ ಟ್ಯೂನ್ ಯಾವಾಗ ಬದಲಿಸಬೇಕು ಅಂತ ಬ್ಯಾಂಡ್‌ಗೆ ಹೇಗೆ ತಿಳಿಯುತ್ತಿತ್ತು? ಸಂಗೀತಕ್ಕೆ ಕುದುರೆ ಕುಣಿಯುತ್ತೆ ಅಂದುಕೊಂಡಿದ್ದೀರಿ ಅಲ್ವಾ? ಕುದುರೆ ಕಾಲು ನೋಡಿಕೊಂಡು ಬ್ಯಾಂಡ್ ನುಡಿಸುತ್ತಿತ್ತು. ಮೆರ್ಲ್ ಇವಾನ್ಸ್ 1919ರಿಂದ 1969ರವರೆಗೆ ಅಮೆರಿಕದ ರಿಂಗ್ಲಿಂಗ್ ಸರ್ಕಸ್ಸಿನ ಬ್ಯಾಂಡ್ ನಡೆಸಿದವರು. ಒಂದು ಕೈಯಲ್ಲಿ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ಊದುತ್ತಾ ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದರು, ಕಣ್ಣು ಮಾತ್ರ ರಿಂಗ್ ಮೇಲೆ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದಿದ್ದನ್ನು ಅದೇ ಕಣ್ಣು ಕಂಡಿತು. ತಕ್ಷಣ ಬ್ಯಾಂಡ್, ಸೂಸಾ ಎಂಬ ಅಮೆರಿಕದ ಸಂಗೀತಗಾರ ಬರೆದ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಮಾರ್ಚ್ ಎತ್ತಿಕೊಂಡಿತು. ಸರ್ಕಸ್‌ನವರಿಗೆ ಅದು ಅಪಾಯದ ಸಂಕೇತ, ಬೇರೆ ಹೊತ್ತಲ್ಲಿ ನುಡಿಸುತ್ತಿರಲಿಲ್ಲ. ಅವತ್ತು 160ಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಜನ ಹೊರಗೆ ಓಡಿ ಉಳಿದುಕೊಂಡರು. ಜನ ಓಡುತ್ತಿದ್ದರೂ ಬ್ಯಾಂಡ್ ನುಡಿಸುತ್ತಲೇ ಇತ್ತು. ಇಂಥವರ ಸಂಗೀತಕ್ಕೆ ನಾನು ದುಡ್ಡು ಕೊಡುವುದು ದಂಡ ಅಲ್ಲ.

ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ ಹಳೇ ರೆಕಾರ್ಡು ಇದ್ದರೆ ಲೇಬಲ್ ಓದಿ. ಗ್ಯಾಲಪ್ ಅಂತಲೋ ಕಿಂಗ್ ಅಂತಲೋ ಇದ್ದರೆ ಗುಜರಿಗೆ ಹಾಕಬೇಡಿ, ಎರಡೂ ಬದಿಯ ಫೋಟೋ ತೆಗೆದು ನನಗೆ ಕಳಿಸಿ. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿಡಿ.