ಪ್ರೂಫ್ ನೋಡುವಾಗ ಉಸಿರು ಎಲ್ಲಿತ್ತು?

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಹೊಡೆಯುತ್ತೇವೆ. 2015ರಲ್ಲಿ ಯೋಗ ದಿನ ಶುರುವಾದ ಮೇಲೆ ಜೂನ್ 21 ಹತ್ತಿರ ಬಂತೆಂದರೆ ಅದರ ಕರಪತ್ರವೂ ಬರುತ್ತದೆ. ತಾಡಾಸನ, ಕಪಾಲಭಾತಿ, ಭ್ರಾಮರಿ ಎಲ್ಲದರ ಕಾಗುಣಿತ ನನಗೆ ಬಾಯಿಪಾಠ. ಮಾಡಿದ್ದು ಮಾತ್ರ ಒಂದೂ ಇರಲಿಲ್ಲ.

ಹೋದ ವರ್ಷ ಲಗ್ನದ ಸೀಜನ್‌ನಲ್ಲಿ ಒಂದು ಪತ್ರಿಕೆಯಲ್ಲಿ ಶುಕ್ರವಾರ ಇರಬೇಕಾದ ಕಡೆ ಗುರುವಾರ ಅಂತ ಬಿತ್ತು. 800 ಕಾರ್ಡು. ಅಚ್ಚಿಗೆ ಹಾಕುವ ಮೊದಲು ತಪ್ಪು ಹುಡುಕಲು ಪ್ರೂಫ್ ನೋಡಿದವನು ನಾನೇ. ಹುಡುಗಿಯ ತಂದೆ ಬೈಯಲಿಲ್ಲ, ಕಾರ್ಡು ಕೈಯಲ್ಲಿ ಹಿಡಿದು ಸುಮ್ನೆ ನನ್ನನ್ನೇ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು. ರಾತ್ರಿಯೆಲ್ಲ ಕೂತು ಮತ್ತೆ ಹೊಡೆದುಕೊಟ್ಟೆವು. ಆ ವಾರದಿಂದ ನಿದ್ದೆ ಹೋಯಿತು. ಡಾಕ್ಟರ ಹತ್ತಿರ ಹೋದರೆ ಬಿಪಿ 156/98. ನಾಲ್ಕು ದಿನ ಬಿಟ್ಟು ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಗುಳಿಗೆ ಬರೆದರು. "ಉಪ್ಪು ಕಡಿಮಿ ಮಾಡ್ರಿ, ಅಡ್ಡಾಡ್ರಿ, ಯೋಗಾ ಮಾಡ್ರಿ" ಅಂದರು. ಉಪ್ಪು ಕಡಿಮೆ ಅಂದರೆ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಎಲ್ಲ ಹೋದಂತೆ. ಯೋಗವೇ ವಾಸಿ ಅನ್ನಿಸಿತು.

ನಮ್ಮ ಓಣಿಯ ಸಮುದಾಯ ಭವನದ ಮಾಳಿಗೆ ಮೇಲೆ ನಿವೃತ್ತ ಪಿ.ಟಿ. ಮಾಸ್ತರೊಬ್ಬರು ಬೆಳಿಗ್ಗೆ ಆರಕ್ಕೆ ಕಲಿಸುತ್ತಾರೆ. ಮೊದಲ ದಿನವೇ ಪದ್ಮಾಸನ ಹಾಕಲು ಹೋದೆ. "ಮಾಲಕ್ರ, ಕಾಲು ಮುರಕೊಳ್ಳಾಕ ಬಂದೀರೇನು? ಸುಮ್ನ ಚಕ್ಕಳಮಕ್ಕಳ ಹಾಕ್ರಿ" ಅಂದರು. ಬಿಪಿ ಇದೆ ಅಂದದ್ದಕ್ಕೆ ನನ್ನ ಪಟ್ಟಿಯಿಂದ ಕಪಾಲಭಾತಿ, ಭಸ್ತ್ರಿಕಾ, ಶೀರ್ಷಾಸನ ಮೂರನ್ನೂ ತೆಗೆದುಹಾಕಿದರು. ಉಸಿರು ಒಳಗೆ ಬಿಗಿ ಹಿಡಿಯುವುದೂ ಬೇಡವಂತೆ. ನಾಲ್ಕು ಎಣಿಸುತ್ತ ತಗೊಳ್ಳುವುದು, ಆರು ಎಣಿಸುತ್ತ ಬಿಡುವುದು. ಇಷ್ಟಕ್ಕೆ ಬೆಳಿಗ್ಗೆ ಐದೂವರೆಗೆ ಏಳಬೇಕಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮಾಸ್ತರು ಮಣಿಕಟ್ಟಿನ ನಾಡಿ ಮೇಲೆ ಬೆರಳಿಟ್ಟು ನೋಡಿಕೊಳ್ಳಲು ಹೇಳಿದರು. ನಿಜಕ್ಕೂ ಉಸಿರು ಬಿಡುವಾಗ ಬಡಿತ ಸ್ವಲ್ಪ ನಿಧಾನವಾಗುತ್ತದೆ, ತಗೊಳ್ಳುವಾಗ ಚುರುಕಾಗುತ್ತದೆ. ಐವತ್ತು ವರ್ಷ ಈ ಕೈ ನನ್ನ ಹತ್ತಿರವೇ ಇತ್ತು, ಗೊತ್ತೇ ಇರಲಿಲ್ಲ!

ಶವಾಸನದಲ್ಲಿ ಗೊರಕೆ ಹೊಡೆದ ಕಥೆ ಬೇಡ ಬಿಡಿ. ಪಕ್ಕದ ಚಾಪೆಯ ಅಕ್ಕೋರು ಇಡೀ ಓಣಿಗೆ ಹೇಳಿ ಮುಗಿಸಿದ್ದಾರೆ.

ಒಂದು ತಿಂಗಳಾಗಿರಬೇಕು. ಪ್ರೆಸ್ಸಿನಲ್ಲಿ ಒಂದು ಪತ್ರಿಕೆಯ ಪ್ರೂಫ್ ಓದುತ್ತಿದ್ದೆ. ವರನ ಹೆಸರು, ಮುಹೂರ್ತ, 'ಸುಖಾಗಮನ ಬಯಸುವವರು' ಅನ್ನುವ ಉದ್ದನೆಯ ಸಾಲು. ಕೊನೆಗೆ ಬಂದಾಗ ಹುಸ್ ಅಂತ ದೊಡ್ಡ ಉಸಿರು ಹೊರಗೆ ಬಂತು. ಅಂದರೆ ಅಲ್ಲಿಯವರೆಗೆ ಬಿಟ್ಟೇ ಇರಲಿಲ್ಲ. ಮರುದಿನ ಬೇಕೆಂದೇ ಗಮನಿಸಿದೆ. ಪೆನ್ನು ಹಿಡಿದ ಕೂಡಲೇ ಹಲ್ಲು ಕಚ್ಚುತ್ತೇನೆ, ಹೆಗಲು ಕಿವಿಗೆ ಏರುತ್ತದೆ, ಉಸಿರು ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಹೀಗೇ ಪ್ರೂಫ್ ನೋಡಿದ್ದೇನಾ? ಈಗ ಪ್ರತಿ ಸಾಲಿಗೆ ಒಂದು ಉಸಿರು ಬಿಟ್ಟು ಮುಂದೆ ಹೋಗುತ್ತೇನೆ. ಕೆಲಸ ನಿಧಾನ ಆಗಿದೆ, ಸುಳ್ಳು ಹೇಳುವುದಿಲ್ಲ. ವಾರ ತಿಥಿ ಮಾತ್ರ ಎರಡು ಸಲ ನೋಡುತ್ತೇನೆ.

ಐದು ತಿಂಗಳಾದ ಮೇಲೆ ಬಿಪಿ 136/86 ಬಂತು. ಗುಳಿಗೆ ನಡೆದೇ ಇದೆ, ಅದರ ಪಾಲು ಎಷ್ಟು, ಯೋಗದ ಪಾಲು ಎಷ್ಟು ಅಂತ ಜಗಳ ಹಚ್ಚುವುದು ನನಗೆ ಬೇಡ. ನಿದ್ದೆ ಬರುತ್ತಿದೆ.

ಬಗ್ಗಿದರೆ ಕೈ ಇನ್ನೂ ನೆಲ ಮುಟ್ಟುವುದಿಲ್ಲ. ಅದಕ್ಕೆ ಮಾಸ್ತರು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಾತು ತೆಗೆದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ ಅಂತ ಬಡಕಲಾಗಿದ್ದವರು. ಮುಂದೆ ಪುಣೆಯಲ್ಲಿ ಕುರ್ಚಿ, ಹಗ್ಗ, ಇಟ್ಟಿಗೆಯಂಥ ದಿಮ್ಮಿ ಕೊಟ್ಟು ಬಗ್ಗದ ಮೈಯವರಿಗೂ ಆಸನ ಕಲಿಸಿದರು. ನಮ್ಮ ಪ್ರೆಸ್ಸಿನಲ್ಲಿ ದಿಮ್ಮಿ ಎಲ್ಲಿಂದ ಬರಬೇಕು? ಕಟ್ಟಿದ ರೀಮ್ ಇತ್ತು. 500 ಹಾಳೆ, ಒಳ್ಳೆ ಗಟ್ಟಿ. ಎರಡು ರೀಮ್ ಇಟ್ಟು ಅದರ ಮೇಲೆ ಕೈ ಊರುತ್ತಿದ್ದೆ. ಎರಡು ವಾರದ ಹಿಂದೆ ಒಂದಕ್ಕೆ ಇಳಿದೆ. ಖುಷಿಯಲ್ಲಿ ಮಷಿನ್ ಹುಡುಗನಿಗೆ ಹೇಳಿದೆ, ಮೇಲಿನ ರೀಮ್ ಇನ್ನು ಬೇಡ, ಬಿಲ್ ಬುಕ್ಕಿಗೆ ಹಾಕಿಕೋ ಅಂತ.

ಅರ್ಧ ತಾಸಿಗೆ ವಾಪಸ್ ಬಂದ. "ಮಾಲಕ್ರ, ಇದರ ಮೂಲಿ ಎಲ್ಲಾ ಬಾಗ್ಯಾವ್ರಿ. ಮಷಿನ್ ತಗೊಳ್ಳವಲ್ದು. ನೀವ ಇಟಗೋರಿ."